ಆಟಿಯಲ್ಲಿ ಹೂ ಬೇಕು: ಕಾಸರಗೋಡಿನಲ್ಲಿ ಜೇನಿಗಾಗಿ ಏನು ನೆಡುವುದು?

ಮೊಬೈಲಿನಲ್ಲಿ ಒಮ್ಮೆ ಹೂತೋಟದ ವಿಡಿಯೋ ನೋಡಿದರೆ ಸಾಕು, ಆಮೇಲೆ ಟುಲಿಪ್ ಗಡ್ಡೆಯ ಜಾಹೀರಾತು ಬೆನ್ನು ಬಿಡುವುದಿಲ್ಲ. ಈಚೆಗೆ ಅದರ ಜೊತೆ ಇನ್ನೊಂದು ಮಾತೂ ಸೇರಿಕೊಂಡಿದೆ: ಜೇನು ಉಳಿಸಬೇಕಾದರೆ ವಸಂತದಲ್ಲಿ ಅರಳುವ ಗಡ್ಡೆ ನೆಡಿ ಅಂತ. ಯುರೋಪ್, ಅಮೆರಿಕದ ಎಷ್ಟೋ ಊರುಗಳಲ್ಲಿ ಜನ ಒಟ್ಟು ಸೇರಿ ಪಾರ್ಕಿನಲ್ಲಿ, ರಸ್ತೆ ಬದಿಯಲ್ಲಿ, ಶಾಲೆಯ ಅಂಗಳದಲ್ಲಿ ಇಂಥ ಗಡ್ಡೆ ಹೂಳುತ್ತಾರೆ. ಅಲ್ಲಿ ಅದು ಒಳ್ಳೆಯ ಕೆಲಸವೇ. ಅದೇ ಗಡ್ಡೆಯನ್ನು ಬದಿಯಡ್ಕದಲ್ಲೋ ಮಂಜೇಶ್ವರದಲ್ಲೋ ಮಣ್ಣಿಗೆ ಹಾಕಿದರೆ ಮೊದಲ ಮಳೆಗೇ ಕೊಳೆತು ಹೋಗುತ್ತದೆ. ಅದೃಷ್ಟ ಚೆನ್ನಾಗಿದ್ದರೆ ನಾಲ್ಕು ಎಲೆ ಬರಬಹುದು.

ಹಾಗಂತ ಆ ಯೋಚನೆಯನ್ನೇ ಬಿಸಾಡಬೇಕಿಲ್ಲ. ಅದರ ಹಿಂದೆ ಒಂದು ಲೆಕ್ಕವಿದೆ. ಆ ಲೆಕ್ಕವನ್ನು ಇಲ್ಲಿಗೆ ತಂದರೆ ನಮ್ಮ ಊರಿನಲ್ಲೂ ಬಹಳ ಕೆಲಸ ಆಗುತ್ತದೆ.

ಅಲ್ಲಿ ಗಡ್ಡೆ ಯಾಕೆ?

ಶೀತ ದೇಶಗಳಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹೊರಗೆ ಹೂವೇ ಇಲ್ಲ. ಅಲ್ಲಿಯ ಸಾಕು ಜೇನು ಗೂಡಿನೊಳಗೆ ಒಂದಕ್ಕೊಂದು ಒತ್ತಿಕೊಂಡು, ಬೇಸಿಗೆಯಲ್ಲಿ ಕೂಡಿಟ್ಟದ್ದನ್ನು ತಿಂದು ದಿನ ಕಳೆಯುತ್ತದೆ. ಬಂಬಲ್‌ಬೀ ಎಂಬ ದಪ್ಪ ರೋಮದ ನೊಣದ ಪಾಡು ಇನ್ನೂ ಕಷ್ಟದ್ದು. ಅದರ ಗೂಡು ಪೂರ್ತಿಯಾಗಿ ಚಳಿಗೆ ಮೊದಲೇ ಸತ್ತುಹೋಗುತ್ತದೆ. ಉಳಿಯುವುದು ಆ ವರ್ಷ ಹುಟ್ಟಿದ ಹೊಸ ರಾಣಿಗಳು ಮಾತ್ರ. ಅವು ಒಂಟೊಂಟಿಯಾಗಿ ಮಣ್ಣೊಳಗೆ ಮಲಗಿ, ಚಳಿ ಇಳಿಯುವಾಗ ಎದ್ದು ಬರುತ್ತವೆ. ಅಷ್ಟು ಹೊತ್ತಿಗೆ ಮೈಯ ಕೊಬ್ಬೆಲ್ಲ ಕರಗಿರುತ್ತದೆ. ಮಕರಂದ ಸಿಗದಿದ್ದರೆ ಹಾರಲು ಶಕ್ತಿಯಿಲ್ಲ. ಪರಾಗ ಸಿಗದಿದ್ದರೆ ಮರಿ ಸಾಕುವಂತಿಲ್ಲ. ಆ ಒಂದು ರಾಣಿ ಸತ್ತರೆ ಮುಂದಿನ ಬೇಸಿಗೆಯ ಒಂದು ಇಡೀ ಗೂಡು ಹುಟ್ಟುವ ಮೊದಲೇ ಮುಗಿಯಿತು.

ಈ ಹೊತ್ತಿಗೆ ಅರಳುವ ಗಿಡಗಳು ಬೆರಳೆಣಿಕೆಯಷ್ಟು. ಸ್ನೋಡ್ರಾಪ್, ಕ್ರೋಕಸ್, ಸ್ಕಿಲ್ಲಾ, ಮಸ್ಕಾರಿ ಇತ್ಯಾದಿ. ಇವೆಲ್ಲ ಗಡ್ಡೆಯ ಗಿಡಗಳು. ಹಿಂದಿನ ವರ್ಷದ ಊಟವನ್ನು ಗಡ್ಡೆಯಲ್ಲೇ ಕಟ್ಟಿಟ್ಟುಕೊಂಡಿರುವುದರಿಂದ ಬೇರೆ ಗಿಡಗಳು ಚಿಗುರುವ ಮೊದಲೇ, ಕೆಲವು ಸಲ ಹಿಮದ ನಡುವೆಯೇ, ಹೂ ಬಿಡುತ್ತವೆ. ಬಿಸಿಲು ಬಂದು ಹವೆ 10-12 ಡಿಗ್ರಿಗೆ ಏರಿದ ಕೂಡಲೇ ಸಾಕು ಜೇನೂ ಹೊರಗೆ ಬಂದು ಈ ಹೂಗಳಿಗೆ ಮುತ್ತುತ್ತದೆ. ಸ್ಕಿಲ್ಲಾದ ಪರಾಗ ನೀಲಿ ಬಣ್ಣದ್ದು. ನೊಣಗಳು ಕಾಲಿಗೆ ನೀಲಿ ಉಂಡೆ ಕಟ್ಟಿಕೊಂಡು ಗೂಡಿಗೆ ಮರಳುವುದನ್ನು ನೋಡಲೆಂದೇ ಅಲ್ಲಿ ಕೆಲವರು ಇದನ್ನು ನೆಡುತ್ತಾರಂತೆ.

ಎಲ್ಲ ಗಡ್ಡೆ ಹೂವೂ ಜೇನಿಗೆ ಆಗುವುದಿಲ್ಲ ಎನ್ನುವುದೂ ಈ ಲೆಕ್ಕದಲ್ಲೇ ಬರುತ್ತದೆ. ಅಂಗಡಿಯ ಚಂದದ ಟುಲಿಪ್‌ನಲ್ಲಿ ಮಕರಂದ ತೀರಾ ಕಡಿಮೆ. ಎಸಳಿನ ಮೇಲೆ ಎಸಳು ತುಂಬಿಸಿ ಬೆಳೆಸಿದ ತಳಿಗಳಲ್ಲಿ ಕೇಸರಗಳೇ ಎಸಳಾಗಿ ಹೋಗಿರುತ್ತವೆ, ಹಾಗಾಗಿ ಪರಾಗವೂ ಇಲ್ಲ. ನಮ್ಮ ಹೈಬ್ರಿಡ್ ಗೊಂಡೆ, ಮುದ್ದೆ ದಾಸವಾಳದ ಕತೆಯೂ ಹೆಚ್ಚುಕಡಿಮೆ ಇದೇ. ನಮ್ಮ ಕಣ್ಣಿಗೆ ತುಂಬಿದ ಹೂ, ನೊಣಕ್ಕೆ ಬಾಗಿಲು ಮುಚ್ಚಿದ ಅಂಗಡಿ.

ಈ ಗಡ್ಡೆಗಳಿಗೆ ಅರಳಲು ಚಳಿಯೇ ಬೇಕು. ಟುಲಿಪ್ ಗಡ್ಡೆ 12ರಿಂದ 16 ವಾರ, 10 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಮಲಗಿದ್ದರೆ ಮಾತ್ರ ಅದರೊಳಗಿನ ಮೊಗ್ಗು ಸರಿಯಾಗಿ ಎದ್ದು ಬರುತ್ತದೆ. ನಮ್ಮಲ್ಲಿ ಜನವರಿಯ ರಾತ್ರಿಯಲ್ಲೂ ಹವೆ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಫ್ರಿಜ್ಜಿನಲ್ಲಿಟ್ಟು ಅರಳಿಸುವವರಿದ್ದಾರೆ. ಒಂದು ಸಲ ಅರಳುತ್ತದೆ, ಗಡ್ಡೆ ಅಲ್ಲಿಗೆ ಮುಗಿಯುತ್ತದೆ. ಟುಲಿಪ್ ನೋಡಲೇಬೇಕು ಅಂತಿದ್ದರೆ ಶ್ರೀನಗರದಲ್ಲಿ 2007ರಿಂದ ದೊಡ್ಡ ತೋಟವೇ ಇದೆ, ಏಪ್ರಿಲ್ ಹೊತ್ತಿಗೆ ಹೋಗಿ ಬನ್ನಿ.

ಒಟ್ಟಿನಲ್ಲಿ ಅವರು ಮಾಡಿದ್ದು ಇಷ್ಟೇ. ವರ್ಷದಲ್ಲಿ ಜೇನಿಗೆ ಊಟ ಸಿಗದ ಹೊತ್ತು ಯಾವುದು ಅಂತ ಹುಡುಕಿದರು. ಆ ಹೊತ್ತಿಗೆ ಅರಳುವುದು ಯಾವುದು ಅಂತ ನೋಡಿದರು. ಅದನ್ನು ಊರೆಲ್ಲ ನೆಟ್ಟರು.

ನಮ್ಮ ಜೇನು ಉಪವಾಸ ಬೀಳುವುದು ಯಾವಾಗ?

ವಸಂತದಲ್ಲಂತೂ ಅಲ್ಲ. ನಮ್ಮಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಜೇನಿಗೆ ಹಬ್ಬ. ಗೇರು ಹೂ ಬಿಡುತ್ತದೆ, ಮಾವು ಹೂ ಬಿಡುತ್ತದೆ. ರಬ್ಬರ್ ಎಲೆ ಉದುರಿಸಿ ಹೊಸ ಚಿಗುರು ಹಾಕುತ್ತದೆ. ರಬ್ಬರಿನ ವಿಶೇಷವೆಂದರೆ ಅದರ ಮಕರಂದ ಹೂವಿನಲ್ಲಷ್ಟೇ ಇರುವುದಲ್ಲ. ಎಳೆ ಎಲೆಯ ತೊಟ್ಟಿನ ತುದಿಯಲ್ಲಿ ಸಣ್ಣ ಗ್ರಂಥಿಗಳಿವೆ, ಅಲ್ಲಿಂದ ಸಿಹಿ ರಸ ಒಸರುತ್ತದೆ. ಕೇರಳದಲ್ಲಿ ತೆಗೆಯುವ ಜೇನಿನ ದೊಡ್ಡ ಪಾಲು ಬರುವುದು ಈ ಎಲೆಯ ರಸದಿಂದಲೇ. ಅಂಥ ಕಾಲದಲ್ಲಿ ನಾವು ಹೊಸತಾಗಿ ನಾಲ್ಕು ಹೂವಿನ ಗಿಡ ನೆಟ್ಟು ಜೇನಿಗೆ ಉಪಕಾರ ಮಾಡಿದೆವು ಎಂದರೆ ಮದುವೆ ಮನೆಗೆ ಬುತ್ತಿ ಕಟ್ಟಿಕೊಂಡು ಹೋದಂತಾಯಿತು.

ಕಷ್ಟ ಶುರುವಾಗುವುದು ಜೂನಿನಲ್ಲಿ. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮಳೆ ಹೊಡೆದರೆ ಹೂವಿನ ಮಕರಂದ ತೊಳೆದು ಹೋಗುತ್ತದೆ, ಇಲ್ಲವೇ ನೀರಾಗುತ್ತದೆ. ಪರಾಗ ಒದ್ದೆಯಾಗಿ ಅಂಟುತ್ತದೆ. ಮೇಲಿಂದ ನೊಣ ಮಳೆಯಲ್ಲಿ ಹಾರುವುದೂ ಇಲ್ಲ. ಒಳಗೆ ಬರುವ ಪರಾಗ ಕಡಿಮೆಯಾದಾಗ ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡುತ್ತದೆ. ಹಳೆಯ ನೊಣಗಳು ಸಾಯುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುವುದಿಲ್ಲ. ನೊಣ ಮುಚ್ಚಿಕೊಳ್ಳಲಾರದಷ್ಟು ಎರಿ ಖಾಲಿ ಬಿದ್ದಾಗ ಮೇಣದ ಹುಳು ಸೇರಿಕೊಳ್ಳುತ್ತದೆ. ಕೊನೆಗೆ ಒಂದು ದಿನ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಆಗಸ್ಟಿನಲ್ಲಿ ಪೆಟ್ಟಿಗೆ ತೆರೆದು ನೋಡಿ ತಲೆಗೆ ಕೈ ಹೊತ್ತವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ.

ಹಿಂದೆ ನಮ್ಮ ಹಿರಿಯರಿಗೂ ಆಟಿ ತಿಂಗಳು (ಜುಲೈ-ಆಗಸ್ಟ್) ಹೊಟ್ಟೆಗೆ ಕಷ್ಟದ ಕಾಲವೇ ಆಗಿತ್ತು. ಕಳೆದ ಬೆಳೆಯ ಅಕ್ಕಿ ಮುಗಿದಿರುತ್ತಿತ್ತು, ಹೊಸತು ಇನ್ನೂ ಗದ್ದೆಯಲ್ಲಿ. ತಗಟೆ ಸೊಪ್ಪು, ಕಣಿಲೆ, ಕೆಸುವಿನ ಪತ್ರೊಡೆಯಲ್ಲಿ ದಿನ ದೂಡುತ್ತಿದ್ದರು. ಮಲಯಾಳಿಗಳು ಅದನ್ನೇ ಕರ್ಕಿಡಕ ಎನ್ನುತ್ತಾರೆ. ಜೇನಿನ ಉಪವಾಸವೂ ಸರಿಯಾಗಿ ಅದೇ ಹೊತ್ತಿಗೆ.

ಹೆಜ್ಜೇನಿಗೆ ಈ ತೊಂದರೆ ಅಷ್ಟಿಲ್ಲ. ಅದು ಹೂ ಇರುವಲ್ಲಿಗೆ ವಲಸೆ ಹೋಗುವ ಜಾತಿ, ಮಳೆ ಬರುವ ಮೊದಲು ಎರಿ ಬಿಟ್ಟು ಹೊರಟುಬಿಡುತ್ತದೆ. ಇಲ್ಲೇ ಉಳಿಯುವುದು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಮತ್ತು ಮುಳ್ಳಿಲ್ಲದ ಸಣ್ಣ ಜೇನು ಮುಜಂಟಿ. ಮುಜಂಟಿ ಮುರಕಲ್ಲಿನ ಗೋಡೆಯ ಸಂದಿಯಲ್ಲೋ ಕರೆಂಟಿನ ಮೀಟರ್ ಪೆಟ್ಟಿಗೆಯಲ್ಲೋ ಅಂಟಿನಿಂದ ಭದ್ರವಾಗಿ ಮನೆ ಕಟ್ಟಿರುತ್ತದೆ. ಕೂಡಿಟ್ಟದ್ದರಲ್ಲಿ ನಾವು ಕೈ ಹಾಕದಿದ್ದರೆ ಹೇಗೋ ಮಳೆಗಾಲ ದಾಟುತ್ತದೆ. ಹೆಚ್ಚು ನರಳುವುದು ತುಡುವೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕೇರಳ, ದಕ್ಷಿಣ ಕನ್ನಡದ ತುಡುವೆ ಕುಟುಂಬಗಳು ಬಹುಪಾಲು ನಾಶವಾದವು. ಎಷ್ಟೋ ಜನ ಆಗ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದವರು ಮತ್ತೆ ಕೆಳಗಿಳಿಸಲಿಲ್ಲ. ಹೂ ನೆಟ್ಟರೆ ವೈರಸ್ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಹೊಟ್ಟೆ ತುಂಬಿದ ಕುಟುಂಬ ಗಟ್ಟಿಯಾಗಿ ನಿಲ್ಲುತ್ತದೆ, ಇಷ್ಟನ್ನು ಯಾವ ಜೇನು ಸಾಕುವವರೂ ಒಪ್ಪುತ್ತಾರೆ.

ನಮಗೆ ಒಂದು ದೊಡ್ಡ ಆಸರೆ ಇದೆ, ತೆಂಗು. ಚೆನ್ನಾಗಿ ಬೆಳೆದ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ, ಮಳೆಗಾಲದಲ್ಲೂ ಬಿಡುತ್ತದೆ. ಎತ್ತರದ ತಳಿಯಲ್ಲಿ ಒಂದು ಹೊಂಬಾಳೆಯ ಗಂಡು ಹೂಗಳು ಉದುರಿದ ಮೇಲೆಯೇ ಅದರ ಹೆಣ್ಣು ಹೂ ಪರಾಗಕ್ಕೆ ಸಿದ್ಧವಾಗುವುದು. ಹಾಗಾಗಿ ಬೇರೆ ಮರದ ಪರಾಗ ಬರಬೇಕು. ತರುವುದು ಗಾಳಿ ಮತ್ತು ಈ ನೊಣಗಳು. ತೆಂಗಿಗೂ ಜೇನಿಗೂ ಹೀಗೆ ಕೊಡುಕೊಳ್ಳುವ ಸಂಬಂಧ. ತೆಂಗಿನ ಸಂಶೋಧನೆಗೆ 1916ರಷ್ಟು ಹಿಂದೆಯೇ ಕೇಂದ್ರ ಕಟ್ಟಿದ ಊರು ನಮ್ಮದು, ಅದೇ ಈಗಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ). ಆದರೂ ಬರೀ ತೆಂಗನ್ನೇ ನಂಬಿ ಕೂರುವಂತಿಲ್ಲ. ಮಳೆ ಸುರಿಯುವಾಗ ಆಕಾಶಕ್ಕೆ ಬಾಯಿ ತೆರೆದ ಹೊಂಬಾಳೆಯೂ ನೆನೆಯುತ್ತದೆ. ಬೇಕಾದದ್ದು ನೆಲದ ಹತ್ತಿರದ ಹೂ. ಪೊದೆಯ ಮರೆಯಲ್ಲಿ, ಎಲೆಯ ಅಡಿಯಲ್ಲಿ, ಮಳೆ ಹೊಳವಾದ ಅರ್ಧ ಗಂಟೆಯಲ್ಲಿ ಹೋಗಿ ಬರುವಷ್ಟು ಹತ್ತಿರ.

ಆ ಅರ್ಧ ಗಂಟೆಯ ಮಾತು

ಯುರೋಪಿನ ಜೇನು ಹೂವಿಗಾಗಿ ಕಿಲೋಮೀಟರುಗಟ್ಟಲೆ ಹಾರುತ್ತದೆ. ನಮ್ಮ ತುಡುವೆ ಅದಕ್ಕಿಂತ ಸಣ್ಣದು, ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಆಚೀಚೆಯಲ್ಲೇ ಸುತ್ತುತ್ತದೆ. ಮುಜಂಟಿಯದು ಇನ್ನೂ ಕಡಿಮೆ, ಕೆಲವು ನೂರು ಮೀಟರ್ ಅಷ್ಟೇ. ಒಬ್ಬರ ಅಂಗಳದಲ್ಲಿ ಹೂ ಇದ್ದು ಸುತ್ತಲಿನ ನಲವತ್ತು ಮನೆಯಲ್ಲಿ ಬರೀ ಇಂಟರ್‌ಲಾಕ್ ಹಾಸಿದ್ದರೆ ಪ್ರಯೋಜನವಿಲ್ಲ. ಊರಿನ ಜನ ಒಟ್ಟಿಗೆ ನೆಡಬೇಕು ಎನ್ನುವುದು ಇದಕ್ಕೇ.

ಇನ್ನೊಂದು ಸಂಗತಿ. ಜೇನುನೊಣ ಒಂದು ಸಲ ಹೊರಟರೆ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ. ತುಂಬೆಗೆ ಅಂತ ಹೊರಟದ್ದು ದಾರಿಯಲ್ಲಿ ಸಿಕ್ಕ ಕೇಪುಳಕ್ಕೆ ಇಳಿಯುವುದಿಲ್ಲ. ಗಿಡಕ್ಕೆ ಇದರಿಂದ ಲಾಭ, ತನ್ನದೇ ಜಾತಿಯ ಪರಾಗ ತನಗೆ ಸಿಗುತ್ತದೆ. ನೆಡುವವರು ಇದರಿಂದ ಕಲಿಯಬೇಕಾದದ್ದೇನೆಂದರೆ, ಹತ್ತು ಬಗೆಯ ಗಿಡ ಒಂದೊಂದೇ ನೆಡುವ ಬದಲು ಒಂದು ಬಗೆಯದನ್ನು ಒಂದು ಕಡೆ ಹಿಂಡಾಗಿ ನೆಡಬೇಕು. ಸಾಲು ಅಂದವಾಗಿ ಬರದಿದ್ದರೂ ಪರವಾಗಿಲ್ಲ. ಹೊಳವಾದ ಆ ಸ್ವಲ್ಪ ಹೊತ್ತಿನಲ್ಲಿ ನೊಣ ಒಂದೇ ಕಡೆ ಹೊಟ್ಟೆ ತುಂಬಿಸಿಕೊಂಡು ಮರಳಬೇಕು, ಅಲ್ವಾ?

ಇನ್ನು ನಮ್ಮದೇ ಗಡ್ಡೆಗಳು. ಟುಲಿಪ್ ಇಲ್ಲ ಅಂದ ಮಾತ್ರಕ್ಕೆ ಗಡ್ಡೆಗೆ ಬರವಿಲ್ಲ. ಶೀತ ದೇಶದ ಗಡ್ಡೆ ಚಳಿಯನ್ನು ಮಣ್ಣೊಳಗೆ ಕಳೆದು ಬಿಸಿಗೆ ಏಳುತ್ತದೆ. ನಮ್ಮದು ಬೇಸಿಗೆಯನ್ನು ಮಣ್ಣೊಳಗೆ ಕಳೆದು ಮಳೆಗೆ ಏಳುತ್ತದೆ. ಉಪಾಯ ಒಂದೇ, ತಪ್ಪಿಸಿಕೊಳ್ಳುವ ಕಾಲ ಬೇರೆ. ಅರಳುವುದೂ ನಮ್ಮ ಜೇನಿನ ಉಪವಾಸದ ಹೊತ್ತಿಗೇ. ಇದಕ್ಕಿಂತ ಅನುಕೂಲ ಬೇಕೇ?

ಮೊದಲು ಕಾಡು ಅರಿಶಿನ. ಬೇಸಿಗೆ ಮಳೆ ನಾಲ್ಕು ಹನಿ ಬಿದ್ದ ಕೂಡಲೇ ತೋಟದ ಬದಿಯಲ್ಲಿ ಗುಲಾಬಿ ಬಣ್ಣದ ಕುಚ್ಚು ಎದ್ದು ನಿಲ್ಲುತ್ತದೆ. ನಾವು ಹೂ ಅಂದುಕೊಳ್ಳುವ ಆ ಗುಲಾಬಿ ಭಾಗ ನಿಜಕ್ಕೂ ಹೂವಲ್ಲ, ಬಣ್ಣದ ಎಲೆ. ಹೂ ಇರುವುದು ಅದರ ಕೆಳಗಿನ ಚೀಲದಂಥ ಮಡಿಕೆಗಳಲ್ಲಿ. ಸಣ್ಣ ಹಳದಿ ಹೂ, ಒಂದು ದಿನದ ಬಾಳು. ಅದರೊಳಗೆ ತಲೆ ತೂರಿಸುವುದು ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ನೊಣ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಎರಡನೆಯದು ಚಂಗಲಕೋಷ್ಟ. ಸುರುಳಿ ಸುತ್ತಿದ ದಂಟು, ತುದಿಯಲ್ಲಿ ಕೆಂಪು ತೆನೆ, ಅದರಿಂದ ಹೊರಬರುವ ದೊಡ್ಡ ಬಿಳಿ ಹೂ. ನಡು ಮಳೆಗಾಲದಲ್ಲಿ ಅರಳುತ್ತದೆ. ಮರ ಕೊರೆಯುವ ಕಪ್ಪು ದುಂಬಿಗೆ ಇದು ಅಚ್ಚುಮೆಚ್ಚು. ತೋಡಿನ ಬದಿ, ಅಡಿಕೆ ತೋಟದ ನೆರಳು ಎಲ್ಲ ಇದಕ್ಕೆ ಸರಿ.

ಗೌರಿ ಹೂ ಅಥವಾ ಅಗ್ನಿಶಿಖೆ ನೋಡದವರಿಲ್ಲ. ಕೆಂಪು-ಹಳದಿ ಬೆಂಕಿಯ ನಾಲಗೆಯಂಥ ಎಸಳು, ಬೇಲಿಗೆ ಹಬ್ಬುವ ಬಳ್ಳಿ. ಚಿಟ್ಟೆಗಳೂ ಸೂರಕ್ಕಿಗಳೂ ಬರುತ್ತವೆ. ಆದರೆ ಇದರ ಗಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ಕಟು ವಿಷವಿದೆ, ಗಿಡದ ಬೇರೆ ಭಾಗವೂ ವಿಷವೇ. ಅಂಗನವಾಡಿ, ಶಾಲೆ, ಹಟ್ಟಿಯ ಹತ್ತಿರ ನೆಡಲೇಬಾರದು. ಹಿತ್ತಲಿನ ದೂರದ ಬೇಲಿಯಲ್ಲಿ ತಾನಾಗಿ ಹುಟ್ಟಿದ್ದರೆ ಸುಮ್ನೆ ಬಿಟ್ಟುಬಿಡಿ.

ಮಳೆ ಲಿಲ್ಲಿ ಅಮೆರಿಕ ಖಂಡದಿಂದ ಬಂದದ್ದು, ಆದರೂ ಮನೆ ಮನೆಯಲ್ಲಿ ಇದೆ. ಮಳೆ ಬಂದು ಎರಡು ದಿನಕ್ಕೆ ಒಟ್ಟಿಗೇ ಅರಳುತ್ತದೆ, ಬೇಗ ಬಾಡುತ್ತದೆ. ಮಕ್ಕಳಿಂದ ನೆಡಿಸಲು ಇದು ಒಳ್ಳೆಯದು, ಸೋಲುವುದೇ ಇಲ್ಲ. ಜೇನಿನ ಊಟಕ್ಕೆ ಇದೊಂದನ್ನೇ ನೆಚ್ಚಿಕೊಳ್ಳಬೇಡಿ ಅಷ್ಟೇ. ಸುವರ್ಣಗಡ್ಡೆಯೂ ಹೂ ಬಿಡುತ್ತದೆ. ಹತ್ತಿರ ಹೋದವರಿಗೆ ಗೊತ್ತು, ಇಲಿ ಸತ್ತ ವಾಸನೆ. ಅದು ಜೇನಿಗಲ್ಲ, ಕೊಳೆತದ್ದನ್ನು ಹುಡುಕುವ ಜೀರುಂಡೆ, ನೊಣಗಳಿಗೆ ಕರೆ. ಪರಾಗ ಸಾಗಿಸುವ ಕೆಲಸ ಬರೀ ಸಿಹಿ ತಿನ್ನುವವರದ್ದೇ ಅಲ್ಲ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮತ್ತೊಂದು ಗಡ್ಡೆಯ ಬಗ್ಗೆ ಹೇಳಲೇಬೇಕು, ನೆಡಲಿಕ್ಕಲ್ಲ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಮರ, ಹೂ, ಹಕ್ಕಿ, ಜೀವಿಯನ್ನು ಘೋಷಿಸಿತು. ಮರ ಕಾಸರಕ. ಹೂ ಪೆರಿಯ ಪೋಳತ್ತಾಳಿ, ವಿಜ್ಞಾನದ ಹೆಸರು ಕ್ರೈನಮ್ ಮಲಬಾರಿಕಮ್. ಪೆರಿಯದ ಕಡೆಯ ಮುರಕಲ್ಲು ಪಾರೆಗಳ ತೋಡಿನಲ್ಲಿ ಬೆಳೆಯುವ ಈ ಬಿಳಿ ಹೂವಿನ ಗಿಡವನ್ನು ಹೊಸ ಜಾತಿಯೆಂದು ವಿವರಿಸಿದ್ದು 2012ರಲ್ಲಿ. ತೋಡಿನಲ್ಲಿ ನೀರು ಹರಿಯುವಾಗ ಗಿಡ ಬೆಳೆಯುತ್ತದೆ, ಬೇಸಿಗೆಯಲ್ಲಿ ತೋಡು ಒಣಗಿದಾಗ ಗಡ್ಡೆ ಮಾತ್ರ ಮಣ್ಣಲ್ಲಿ ಉಳಿಯುತ್ತದೆ. ಯುರೋಪಿನ ಸ್ನೋಡ್ರಾಪ್ ಮತ್ತು ಇದು ಒಂದೇ ಕುಟುಂಬದ ಗಿಡಗಳು. ಇಂಥ ಉದ್ದ ಕೊಳವೆಯ ಬಿಳಿ ಹೂಗಳಿಗೆ ಸಾಮಾನ್ಯವಾಗಿ ಬರುವುದು ಉದ್ದ ನಾಲಗೆಯ ರಾತ್ರಿ ಪತಂಗಗಳು. ಗಿಡ ಅಳಿವಿನ ಅಂಚಿನಲ್ಲಿದೆ. ಚಂದ ಇದೆ ಅಂತ ಕಿತ್ತು ತಂದು ಕುಂಡದಲ್ಲಿ ನೆಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅದಕ್ಕೆ ಬೇಕಾದದ್ದು ಆ ಪಾರೆ, ಆ ತೋಡು.

ಪಾರೆಯನ್ನು ನಾವು ಪಾಳು ಜಾಗವೆಂದೇ ಲೆಕ್ಕ ಹಾಕುತ್ತೇವೆ. ಬೇಸಿಗೆಯಲ್ಲಿ ನೋಡಿದರೆ ಹಾಗೇ ಕಾಣುತ್ತದೆ, ಕರಿ ಕಲ್ಲು, ಒಣ ಹುಲ್ಲು. ಆದರೆ ಆಟಿಯ ನಂತರದ ಸೋಣ ತಿಂಗಳಲ್ಲಿ ಹೋಗಿ ನೋಡಿ. ಓಣಂ ಹೂವಿನ ರಂಗೋಲಿಗೆ ಮಕ್ಕಳು ಹುಡುಕುವ ನೀಲಿ ಕಾಕ್ಕಪ್ಪೂ ನೆಲ ಮುಚ್ಚಿರುತ್ತದೆ. ನಡುನಡುವೆ ಬಿಳಿ ಗುಂಡಿಯಂಥ ಹೂಗಳು, ಗುಲಾಬಿ ಬಣ್ಣದ ಕರ್ಣಕುಂಡಲದ ಸಂಬಂಧಿಗಳು. ಇದನ್ನು ಯಾರೂ ನೆಟ್ಟದ್ದಲ್ಲ. ಇಂಥ ಜಾಗಕ್ಕೆ ಮಣ್ಣು ತಂದು ಸುರಿದು ಅಕೇಶಿಯಾ ಸಸಿ ನೆಟ್ಟು ಹಸಿರೀಕರಣ ಎನ್ನುವುದನ್ನು ನೋಡಿದರೆ ಬೇಸರವಾಗುತ್ತದೆ. ಕಲ್ಲುಕೋರೆಯಿಂದ ಉಳಿದ ಪಾರೆಗೆ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಅಲ್ಲಿ ಏನನ್ನೂ ನೆಡದಿರುವುದು.

ನೆಡುವುದಕ್ಕಿಂತ ಮೊದಲು ಕಡಿಯುವುದನ್ನು ನಿಲ್ಲಿಸಿ

ನಮ್ಮ ಊರಿನ ಮಳೆಗಾಲದ ಹೂಗಳನ್ನು ಒಮ್ಮೆ ಲೆಕ್ಕ ಹಾಕಿ. ತುಂಬೆ, ನಾಚಿಕೆ ಮುಳ್ಳು, ನೆಕ್ಕರೆ, ಕೇಪುಳ, ರಥ ಹೂ, ತಗಟೆ. ಇದರಲ್ಲಿ ಹೆಚ್ಚಿನದನ್ನು ನಾವು ಕಾಡು ಎನ್ನುತ್ತೇವೆ. ನಾಚಿಕೆ ಮುಳ್ಳು ಕಾಲಿಗೆ ಚುಚ್ಚುವುದು ನಿಜ, ಆದರೆ ಮಳೆಗಾಲದ ಬೆಳಗ್ಗೆ ತುಡುವೆಗೂ ಮುಜಂಟಿಗೂ ಪರಾಗದ ಮುಖ್ಯ ಮೂಲ ಅದೇ. ಅದರ ಗುಲಾಬಿ ಉಂಡೆಗಳ ಮೇಲೆ ನೊಣಗಳು ಉರುಳಾಡುವುದನ್ನು ಯಾರೂ ನೋಡಬಹುದು.

ಪ್ರತಿ ವರ್ಷ ಜೂನ್-ಜುಲೈಯಲ್ಲಿ ರಸ್ತೆ ಬದಿಯ ಕಾಡು ಸವರುವ ಕೆಲಸ ನಡೆಯುತ್ತದೆ. ಉದ್ಯೋಗ ಖಾತರಿಯವರಿಗೆ, ಅಂದರೆ ನಮ್ಮ ಬಾಯಿಯ ತೊಳಿಲುರಪ್ಪಿನವರಿಗೆ, ಅದು ಕೂಲಿಯ ದಿನ. ಅದನ್ನು ನಿಲ್ಲಿಸಿ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾವಿನ ಭಯವಿದೆ, ತಿರುವಿನಲ್ಲಿ ಗಾಡಿ ಕಾಣಬೇಕು. ಆದರೆ ಎರಡೂ ಬದಿಯನ್ನು ಒಂದೇ ವಾರದಲ್ಲಿ ಬೋಳಿಸುವ ಬದಲು ಒಂದು ಬದಿ ಈಗ, ಇನ್ನೊಂದು ಬದಿ ಹೂ ಮುಗಿದ ಮೇಲೆ ಎಂದು ಮಾಡಬಹುದು. ದಾರಿಯ ಅಂಚಿನ ಒಂದು ಮೀಟರ್ ಸವರಿ, ಆಚೆಯ ದರೆಯನ್ನು ಬಿಡಬಹುದು. ಕೂಲಿಯೂ ಕಡಿಮೆಯಾಗುವುದಿಲ್ಲ. ಇದಕ್ಕೆ ಪಂಚಾಯತಿನಲ್ಲಿ ಒಂದು ಮಾತು ಸಾಕು, ಹೊಸ ಯೋಜನೆ ಬೇಡ. ಕತ್ತಿ ಬಿಟ್ಟು ಕಳೆನಾಶಕ ಹೊಡೆಯುವುದು ಮಾತ್ರ ಬೇಡವೇ ಬೇಡ. ಗ್ಲೈಫೋಸೇಟನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿದೆ.

ನೆಕ್ಕರೆ ಮತ್ತು ತಗಟೆಯ ಹೆಸರು ಹೇಳಿದೆನಲ್ಲ, ಅವುಗಳಲ್ಲಿ ಒಂದು ವಿಶೇಷ ಇದೆ. ಇವುಗಳ ಪರಾಗ ಹೊರಗೆ ಹುಡಿಯಾಗಿ ಸಿಗುವುದಿಲ್ಲ. ಕೇಸರದ ತುದಿಯಲ್ಲಿ ಸಣ್ಣ ತೂತು, ಪರಾಗ ಒಳಗೆ. ನೊಣ ಹೂವನ್ನು ಹಿಡಿದು, ರೆಕ್ಕೆ ಆಡಿಸದೆ ಎದೆಯ ಸ್ನಾಯುವನ್ನು ಮಾತ್ರ ಜೋರಾಗಿ ನಡುಗಿಸಿದಾಗ ಪರಾಗ ತೂತಿನಿಂದ ಹೊರಗೆ ಚಿಮ್ಮುತ್ತದೆ. ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಬರುವುದು ಕಪ್ಪು ದುಂಬಿಗೆ ಮತ್ತು ಆಗ ಹೇಳಿದ ನೀಲಿ ಪಟ್ಟೆಯ ನೊಣಕ್ಕೆ. ಬದನೆ ಹೂವೂ ಟೊಮೆಟೊ ಹೂವೂ ಇದೇ ಜಾತಿಯ ಬೀಗ ಹಾಕಿದ ಹೂ. ಬದನೆ ಗಿಡದ ಹತ್ತಿರ ಬೆಳಗ್ಗೆ ನಿಂತರೆ ಆ ಗುಂಯ್ ಶಬ್ದ ಕಿವಿಗೇ ಕೇಳುತ್ತದೆ. ಬೇಲಿಯ ನೆಕ್ಕರೆಯನ್ನು ಮಳೆಗಾಲದಲ್ಲಿ ಉಳಿಸಿದವರ ಬದನೆಗೆ ಬೇಸಿಗೆಯ ಕೆಲಸಗಾರರು ಸಿದ್ಧವಾಗಿರುತ್ತಾರೆ.

ಈ ಒಂಟಿ ನೊಣಗಳಿಗೆ ಪೆಟ್ಟಿಗೆ ಇಲ್ಲ. ಕಪ್ಪು ದುಂಬಿ ಒಣಮರ, ಬಿದಿರು ಕೊರೆದು ಮೊಟ್ಟೆ ಇಡುತ್ತದೆ. ನೀಲಿ ಪಟ್ಟೆಯದ್ದು ಮಣ್ಣಿನ ದರೆಯಲ್ಲಿ, ಹಳೆಯ ಮಣ್ಣಿನ ಗೋಡೆಯಲ್ಲಿ ತೂತು ಮಾಡುತ್ತದೆ. ಮುರಕಲ್ಲಿನ ಕಂಪೌಂಡಿಗೆ ಸಿಮೆಂಟು ಬಳಿದರೆ ಮುಜಂಟಿಗೂ ಮನೆ ಇಲ್ಲ. ಹೂ ನೆಟ್ಟು ಮನೆ ಮುಚ್ಚಿದರೆ ಏನು ಪ್ರಯೋಜನ? ಗೋಡೆಯ ಹಿಂಬದಿಯನ್ನಾದರೂ ಬಳಿಯದೆ ಬಿಡಿ. ನಾಗಬನಗಳ ವಿಚಾರದಲ್ಲೂ ಇದೇ ಮಾತು. ಹಳೆಯ ಬನದಲ್ಲಿ ಪೊಟರೆ ಮರ, ಬಳ್ಳಿ, ಒಣ ಕೊಂಬೆ ಎಲ್ಲ ಇರುತ್ತಿತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಮರ ಕಡಿದು ಟೈಲ್ಸ್ ಹಾಕಿದ ಬನದಲ್ಲಿ ನಾಗನಿಗೆ ತಂಪು ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಜೇನಿಗಂತೂ ಸಿಗುವುದಿಲ್ಲ.

ವಿಷದ ಮಾತನ್ನು ಕಾಸರಗೋಡಿನವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದವರೆಗೆ, ಸುಮಾರು ಎರಡು ದಶಕ. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳಲ್ಲಿ ಮನುಷ್ಯರ ಕಷ್ಟ ಲೋಕಕ್ಕೆ ಗೊತ್ತಾಗುವ ಮೊದಲೇ ಜೇನು, ಚಿಟ್ಟೆ, ಮೀನು ಕಡಿಮೆಯಾದದ್ದನ್ನು ಅಲ್ಲಿಯವರು ಹೇಳುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆಯಿತು. ಈಗಲೂ ಗೇರಿಗೆ ಚಹಾ ಸೊಳ್ಳೆ ಎಂಬ ಕೀಟದ ಕಾಟ ಇದೆ, ಚಿಗುರು-ಹೂವಿನ ಹೊತ್ತಿಗೇ ಔಷಧಿ ಹೊಡೆಯುವವರಿದ್ದಾರೆ. ಹೊಡೆಯಲೇಬೇಕಾದರೆ ಸಂಜೆ ನೊಣ ಗೂಡಿಗೆ ಮರಳಿದ ಮೇಲೆ, ಪಕ್ಕದ ಪೆಟ್ಟಿಗೆಯವರಿಗೆ ಹಿಂದಿನ ದಿನವೇ ತಿಳಿಸಿ ಹೊಡೆಯಿರಿ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣವು ಕೀಟನಾಶಕವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹನ್ನೆರಡು ತಿಂಗಳ ಹಾಳೆ

ಒಂದು ವಾರ್ಡಿನವರು ಸೇರಿ ಮಾಡುವುದಾದರೆ ಎಲ್ಲಿಂದ ಶುರು ಮಾಡುವುದು? ನರ್ಸರಿಯಿಂದ ಅಲ್ಲ. ಕುಟುಂಬಶ್ರೀಯ ಅಯಲ್ಕೂಟದ, ಅಂದರೆ ನೆರೆಕರೆಯ ಹೆಂಗಸರ ಗುಂಪಿನ ಸಭೆಯ ದಿನ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಹನ್ನೆರಡು ತಿಂಗಳಿಗೆ ಹನ್ನೆರಡು ಗೆರೆ. ಯಾವ ತಿಂಗಳಲ್ಲಿ ನಮ್ಮ ಸುತ್ತ ಏನು ಅರಳುತ್ತದೆ ಅಂತ ಎಲ್ಲರೂ ಹೇಳುತ್ತಾ ಬರೆಯಿರಿ. ಅಜ್ಜಿಯಂದಿರನ್ನು ಮರೆಯದೆ ಕೂರಿಸಿ, ಹೊಸ್ತಿಲು ಪೂಜೆಗೆ ಹೂ ಕೊಯ್ದವರಿಗೆ ಈ ಲೆಕ್ಕ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತು. ಫೆಬ್ರವರಿ, ಮಾರ್ಚಿನ ಗೆರೆ ತುಂಬಿ ತುಳುಕುತ್ತದೆ. ಸೆಪ್ಟೆಂಬರ್ ನಂತರ ಮರ್ವ, ಆಮೇಲೆ ಅಂಟುವಾಳ ಬರುತ್ತದೆ. ಜೂನ್, ಜುಲೈ, ಆಗಸ್ಟಿನ ಗೆರೆಯಲ್ಲಿ ಬಿಳಿ ಕಾಗದ ಕಾಣುತ್ತದೆ. ನೆಡಬೇಕಾದದ್ದು ಆ ಬಿಳಿ ಜಾಗಕ್ಕೆ.

ವಿಶ್ವ ಜೇನು ದಿನ ಮೇ 20ಕ್ಕೆ. ಅದಾದ ನಾಲ್ಕೈದು ದಿನಕ್ಕೆ ತುಳುನಾಡಿನ ಜಾತ್ರೆ-ಕೋಲಗಳು ಮುಗಿಯುವ ಪತ್ತನಾಜೆ, ಜೂನ್ 1ರ ಹೊತ್ತಿಗೆ ಮಳೆ. ಗಡ್ಡೆ ಹಾಕಲು ಇದೇ ಸರಿಯಾದ ವಾರ. ಕಾಡು ಅರಿಶಿನ, ಚಂಗಲಕೋಷ್ಟದ ತುಂಡುಗಳನ್ನು ನಾಲ್ಕು ಬೆರಳು ಆಳದಲ್ಲಿ, ಒಂದು ಗೇಣು ಅಂತರದಲ್ಲಿ, ನೀರು ನಿಲ್ಲದ ದಿಣ್ಣೆಯಲ್ಲಿ ಹಾಕಿ ಮೇಲೆ ಸೊಪ್ಪು ಮುಚ್ಚಿದರೆ ಆಯಿತು. ಮೊದಲ ವರ್ಷ ಹೂ ಬಾರದಿದ್ದರೆ ಕೀಳಬೇಡಿ, ಎರಡನೆಯ ವರ್ಷ ಬರುತ್ತದೆ. ಹಣ ಕೊಟ್ಟು ತರುವ ಅಗತ್ಯವೂ ಇಲ್ಲ. ಒಬ್ಬರ ತೋಟದಲ್ಲಿ ಬೇಡವೆನಿಸುವಷ್ಟು ಇರುತ್ತದೆ, ಬುಡ ಬಿಡಿಸಿ ಹಂಚಬಹುದು. ಕಾಡಿನಿಂದ ಮಾತ್ರ ಕಿತ್ತು ತರಬೇಡಿ. ಗಡ್ಡೆಗಳ ನಡುವೆ ತುಳಸಿ, ತುಂಬೆ ಇರಲಿ. ಬದಿಗೆ ಕೇಪುಳ, ನೆಕ್ಕರೆ. ಜಾಗ ಇದ್ದರೆ ವರ್ಷವಿಡೀ ಹೂ ಬಿಡುವ ಗಸಗಸೆ ಹಣ್ಣಿನ ಮರ ಒಂದು.

ಜಾಗಕ್ಕೂ ದಾರಿ ಇದೆ. ಹರಿತ ಕೇರಳಂ ಮಿಷನ್‌ನ ಪಚ್ಚತುರುತ್ತು ಯೋಜನೆ 2019ರಿಂದ ನಡೆಯುತ್ತಿದೆ. ಶಾಲೆ, ಕಚೇರಿ, ಪಾಳು ಬಿದ್ದ ಸಾರ್ವಜನಿಕ ಜಾಗದಲ್ಲಿ ಸಣ್ಣ ಹಸಿರು ತುಂಡುಗಳನ್ನು ಬೆಳೆಸುವ ಕೆಲಸ ಅದು. ಅಲ್ಲಿ ಮರಗಳ ಪಟ್ಟಿ ಮಾಡುವಾಗ ಪ್ರತಿ ಹೆಸರಿನ ಮುಂದೆ ಅದು ಅರಳುವ ತಿಂಗಳನ್ನೂ ಬರೆಯಲು ಹೇಳಿ. ಪರಿಸರ ದಿನ ಜೂನ್ 5ಕ್ಕೆ ಹಂಚುವ ಸಸಿಗಳಿಗೂ ಇದೇ ಪ್ರಶ್ನೆ ಕೇಳಬಹುದು. ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ತಲಪಾಡಿಯಿಂದ ಈಚೆಗೆ ಹೋದ ಸಾಲುಮರಗಳ ಬದಲಿಗೆ ಏನು ಬರಬೇಕು ಎನ್ನುವಾಗಲೂ ಕೇಳಬಹುದು.

ನೆಟ್ಟದ್ದರಿಂದ ಉಪಯೋಗವಾಯಿತೇ ಅಂತ ತಿಳಿಯಲು ಯಂತ್ರ ಬೇಡ. ಹೂವಿನ ಒಂದು ಹಿಂಡಿನ ಮುಂದೆ ಹತ್ತು ನಿಮಿಷ ಕೂತು, ಬಂದ ನೊಣ, ಚಿಟ್ಟೆ, ದುಂಬಿಗಳನ್ನು ಬೇರೆ ಬೇರೆಯಾಗಿ ಎಣಿಸಿದರೆ ಸಾಕು. ಶಾಲೆಯ ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಮಾರ್ಚಿನಲ್ಲಿ ಎಣಿಸಿದರೆ ಯಾವ ಗಿಡಕ್ಕೂ ಒಳ್ಳೆಯ ಅಂಕವೇ ಸಿಗುತ್ತದೆ. ಹಾಗಾಗಿ ಆಟಿಯಲ್ಲಿ, ಮಳೆ ಬಿಟ್ಟು ಬಿಸಿಲು ಬಿದ್ದ ಬೆಳಗ್ಗೆ ಎಣಿಸಿ. ಪ್ರತಿ ವರ್ಷ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಎಣಿಸಿದರೆ ಮಾತ್ರ ಆ ಲೆಕ್ಕಕ್ಕೆ ಬೆಲೆ.